ಅಡ್ಡಹೆಸರೂ ಕಾಯಕವೂ

ಮನುಷ್ಯನ ಅಡ್ಡಹೆಸರು ಅವನ ಕುಲವನ್ನು ತಿಳಿಸುವುದೋ, ಕಸುಬನ್ನು ತಿಳಿಸುವುದೋ ಎಂಬ ಪ್ರಶ್ನೆಯು ಮೇಲ್ನೋಟಕ್ಕೆ ಅಲ್ಪವೆಂದು ತೋರಬಹುದು. ಆದರೆ ಹೊಸಬನೊಬ್ಬನು ಮನೆಗೆ ಬಂದಾಗ ಮೊದಲು ಅವನ ಅಡ್ಡಹೆಸರನ್ನು ವಿಚಾರಿಸಿ, ಆ ಮೇಲೆ ಅವನನ್ನು ಕಟ್ಟೆಯ ಮೇಲೆ ಕೂಡಿಸಬೇಕೋ ಪಡಸಾಲೆಗೆ ಕರೆಯಬೇಕೋ ಎಂದು ನಿರ್ಣಯಿಸುವ ವಾಡಿಕೆಯು ಇನ್ನೂ ಅಳಿದಿಲ್ಲ. ಆದುದರಿಂದ ಶಿವಭಕ್ತರು ಇದನ್ನು ಚಿಂತಿಸುವುದು ಅವಶ್ಯವಾಗಿದೆ.

ರಾಯಚೂರು, ದೇವದುರ್ಗ, ಮಾನ್ವಿಗಳಲ್ಲಿ ಬಹುವಾಗಿ ಕೇಳಿಬರುವ ‘ನಾಯಕ’ ಎಂಬ ಹೆಸರನ್ನೇ ನೋಡಬಹುದು. ಇಲ್ಲಿ ಅದು ಹೆಚ್ಚಾಗಿ ಬೇಡ ಅಥವಾ ವಾಲ್ಮೀಕಿ ಸಮುದಾಯದವರದು. ತಾಂಡಾದ ಮುಖ್ಯಸ್ಥನಿಗೆ ನಾಯಕನೆಂಬ ಹೆಸರಿದ್ದುದರಿಂದ ಲಂಬಾಣಿಗರಲ್ಲಿಯೂ ಅದುಂಟು. ದೂರದ ಕರಾವಳಿಯ ಗೌಡ ಸಾರಸ್ವತ ಬ್ರಾಹ್ಮಣರಲ್ಲಿಯೂ, ಅಂಕೋಲೆಯ ನಾಡವರಲ್ಲಿಯೂ ಅದೇ ಹೆಸರುಂಟು. ಮೂಲದಲ್ಲಿ ಅದು ಮುಂದಾಳ್ತನದ ಪದವಿಯೇ ಹೊರತು ಕುಲವಾಚಕವಲ್ಲ.

ಕಸುಬನ್ನಾದರೂ ಅದು ತಿಳಿಸುವುದೇ? ಬೇಡರು ಬೇಟೆಗಾರರಾಗಿಯೂ ಪಾಳೆಯಗಾರರ ದಂಡಾಳುಗಳಾಗಿಯೂ ಬಾಳಿದರು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರ ಹೋರಾಟವು ಅಡಗಿ ಸುರಪುರದ ಆಳಿಕೆ ಮುಗಿಯಲು, ಕತ್ತಿ ಹಿಡಿದ ಕೈ ಮೇಳಿ ಹಿಡಿಯಿತು. ಎತ್ತುಗಳ ಮೇಲೆ ಧಾನ್ಯವನ್ನೂ ಉಪ್ಪನ್ನೂ ಹೇರಿಕೊಂಡು ದೇಶ ಸಂಚರಿಸಿದ ಲಂಬಾಣಿಗರ ವ್ಯಾಪಾರವು ರೈಲು ಬಂದ ಬಳಿಕ ಕ್ಷೀಣಿಸಿತು. ಮುಂದೆ ತುಂಗಭದ್ರೆಯ ಎಡದಂಡೆ ಕಾಲುವೆಯು ಮಾನ್ವಿಗೂ, ನಾರಾಯಣಪುರದ ಬಲದಂಡೆ ಕಾಲುವೆಯು ದೇವದುರ್ಗಕ್ಕೂ ನೀರು ತಂದವು. ಇಂದು ನಾಯಕನೆಂಬ ಒಂದೇ ಹೆಸರಿನಲ್ಲಿ ಭತ್ತ ಬೆಳೆಯುವವನೂ, ಶಾಲೆಯಲ್ಲಿ ಕಲಿಸುವವನೂ, ಬೆಂಗಳೂರಿಗೆ ಗುಳೆ ಹೋಗಿ ಇಟ್ಟಿಗೆ ಹೊರುವವನೂ ಇದ್ದಾರೆ. ಹೆಸರು ನಿಂತಲ್ಲಿಯೇ ನಿಂತಿದೆ, ಕಸುಬು ನಡೆದುಹೋಗಿದೆ.

ಶರಣರ ಹೆಸರುಗಳ ರೀತಿ ಬೇರೆ. ಲಿಂಗಸುಗೂರು ತಾಲೂಕಿನ ಅಮರೇಶ್ವರದವರೆಂದು ಪ್ರತೀತಿಯುಳ್ಳ ಮಾರಯ್ಯನವರಿಗೆ ‘ಆಯ್ದಕ್ಕಿ’ ಎಂಬುದು ತಂದೆಯಿಂದ ಬಂದ ಹೆಸರಲ್ಲ, ಕೈಯಿಂದ ಬಂದ ಹೆಸರು. ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದ ದಿನ ಅದನ್ನು ಮರಳಿ ಸುರಿದು ಬನ್ನಿರೆಂದು ಪತ್ನಿ ಲಕ್ಕಮ್ಮನವರು ಎಚ್ಚರಿಸಿದರೆಂಬ ಕಥೆ ಸರ್ವವಿದಿತ. ನುಲಿಯ ಚಂದಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ ಇವರೆಲ್ಲರೂ ಕಾಯಕವನ್ನೇ ಹೆಸರಿನ ಮುಂದಿಟ್ಟು, ಹೀನವೆಂದು ಲೋಕವು ಕರೆದುದನ್ನು ಪೂಜ್ಯವಾಗಿಸಿದರು. ಕಾಯಕವು ಹೆಸರಾಯಿತು. ಆದರೆ ಕಾಲಾನಂತರದಲ್ಲಿ ಮಡಿವಾಳ, ಅಂಬಿಗ ಎಂಬವು ಮತ್ತೆ ಜಾತಿಗಳಾಗಿಯೇ ಎಣಿಸಲ್ಪಟ್ಟುದು ಶೋಚನೀಯವಲ್ಲವೆ?

ಪರರ ಮಾತೇಕೆ? ‘ಪಾಟೀಲ’ ಎಂಬ ಹೆಸರು ಲಿಂಗವಂತರಲ್ಲಿರುವಂತೆ ಬ್ರಾಹ್ಮಣ, ಮರಾಠ, ಮುಸಲ್ಮಾನರಲ್ಲಿಯೂ ಉಂಟು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು 1961ರ ಕಾಯಿದೆಯು ರದ್ದುಗೊಳಿಸಿತು. ಅಧಿಕಾರ ಹೋದ ಮೇಲೂ ಹೆಸರಿನ ಬಲದಿಂದ ಮುಂದಿನ ಮಣೆಯನ್ನು ಬಯಸುವವನು ಮಾಡದ ಕಾಯಕದ ಫಲವನ್ನು ಬೇಡುವವನೇ ಸರಿ.

ಹಾಗಾದರೆ ಜಾತಿಯನ್ನು ಎಲ್ಲಿಯೂ ಕೇಳಲಾಗದೆ? ಇಲ್ಲಿ ವಿವೇಕ ಬೇಕು. ನಾಯಕ, ಬೇಡ, ವಾಲ್ಮೀಕಿ ಮೊದಲಾದ ಹೆಸರುಗಳು 1991ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದವು. ಲಂಬಾಣಿಗರು ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದ್ದಾರೆ. ಕರಾವಳಿಯ ಸಾರಸ್ವತ ನಾಯಕರು ಎರಡರಲ್ಲಿಯೂ ಇಲ್ಲ. 2008ರಿಂದ ರಾಯಚೂರು ಗ್ರಾಮೀಣ, ದೇವದುರ್ಗ, ಮಾನ್ವಿ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿವೆ. ಹೆಸರೊಂದೇ ಆದುದರಿಂದ, ಸೌಲಭ್ಯವು ಸಲ್ಲತಕ್ಕವರಿಗೇ ಸಲ್ಲಬೇಕಾದರೆ ಸರಕಾರವು ಹೆಸರಿನ ಆಚೆ ಹೋಗಿ ವಿಚಾರಿಸಲೇಬೇಕು. ಅದು ಹಳೆಯ ಅನ್ಯಾಯವನ್ನು ತಿದ್ದುವುದಕ್ಕಾಗಿ ಕೇಳುವ ಪ್ರಶ್ನೆ. ಮನೆಯ ಬಾಗಿಲಲ್ಲಿ ಕೇಳುವ ಪ್ರಶ್ನೆಯಾದರೋ ಆ ಅನ್ಯಾಯವನ್ನು ಮುಂದುವರಿಸುವುದಕ್ಕಾಗಿ. ಮಾತು ಒಂದೇ, ಭಾವ ಬೇರೆ. ಮೊದಲನೆಯದನ್ನು ಕಂಡು ಕರುಬುತ್ತ, ಎರಡನೆಯದನ್ನು ಬಿಡದವನು ಶರಣಮಾರ್ಗದಿಂದ ದೂರವಿದ್ದಾನೆ.

ಬಾಗಿಲಿಗೆ ಬಂದವನ ಕುಲವನ್ನೆಣಿಸದೆ ಆದರಿಸಬೇಕೆಂಬುದು ಬಸವಣ್ಣನವರ ಬೋಧೆ. ಕೇಳಲೇಬೇಕಾದರೆ ‘ತಮ್ಮ ಕಾಯಕವೇನು?’ ಎಂದು ಕೇಳುವುದು ಲೇಸು. ಅದೂ ತೂಗುವುದಕ್ಕಲ್ಲ, ಗೌರವಿಸುವುದಕ್ಕೆ. ಇಟ್ಟಿಗೆ ಹೊರುವೆನೆಂದವನಿಗೂ ಶಾಲೆಯಲ್ಲಿ ಕಲಿಸುವೆನೆಂದವನಿಗೂ ಒಂದೇ ಪಡಸಾಲೆಯಲ್ಲಿ, ಒಂದೇ ಸಾಲಿನಲ್ಲಿ ಪ್ರಸಾದವಿಕ್ಕುವ ಮನೆಯೇ ಮಹಾಮನೆ.