ಜಗಳಕ್ಕೂ ವಾರಸುದಾರರು ಬೇಕಾ?

ಅಪ್ಪ ಬಿಟ್ಟುಹೋದ ಮನೆ, ಹೊಲ, ಒಡವೆ ಯಾರಿಗೆ ಸೇರುತ್ತೆ ಅಂತ ವಕೀಲರನ್ನ ಕೇಳಿದರೆ ಹೇಳ್ತಾರೆ. ಅಪ್ಪ ಮಾಡಿಟ್ಟ ಸಾಲಕ್ಕೂ ಕಾನೂನಿನಲ್ಲಿ ಒಂದು ಲೆಕ್ಕ ಇದೆ. ಆದರೆ ಅಪ್ಪ ತೀರಿಸದೇ ಹೋದ ಜಗಳ ಇದೆಯಲ್ಲ, ಅದು ಯಾರಿಗೆ ಸೇರಬೇಕು? ಮಗ ಅದನ್ನ ಮುಂದುವರಿಸಬೇಕಾ? ಬಿಟ್ಟುಬಿಟ್ಟರೆ ಅಪ್ಪನಿಗೆ ದ್ರೋಹ ಮಾಡಿದ ಹಾಗೆ ಆಗುತ್ತಾ?

2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಆದಾಗ ಹೆಣ್ಣುಮಕ್ಕಳಿಗೂ ಸಮಪಾಲು ಅನ್ನೋ ಸುದ್ದಿ ಎಲ್ಲರ ಕಿವಿಗೂ ಬಿತ್ತು. ಅದೇ ತಿದ್ದುಪಡಿಯಲ್ಲಿ ಇನ್ನೊಂದು ಮಾತೂ ಇತ್ತು, ಅದನ್ನ ಗಮನಿಸಿದವರು ಕಡಿಮೆ. ಅಪ್ಪನ, ಅಜ್ಜನ ಸಾಲ ತೀರಿಸೋದು ಮಗನ ಧರ್ಮ ಅನ್ನೋ ಹಳೇ ಕಟ್ಟುಪಾಡು ಇತ್ತಲ್ಲ, ಇನ್ನು ಮುಂದೆ ಮಾಡುವ ಸಾಲಕ್ಕೆ ಆ ಧರ್ಮವೊಂದನ್ನೇ ಆಧಾರ ಮಾಡಿಕೊಂಡು ಮಗನನ್ನೋ ಮೊಮ್ಮಗನನ್ನೋ ಕೋರ್ಟಿಗೆ ಎಳೆಯೋ ಹಾಗಿಲ್ಲ ಅಂತ ಅದು ಹೇಳಿತು. ಅಂದರೆ ಸಾಲದ ವಿಷಯದಲ್ಲಿ ಕಾನೂನು ಮಗನನ್ನ ಬಿಡುಗಡೆ ಮಾಡಿದೆ. ದ್ವೇಷದ ವಿಷಯದಲ್ಲಿ ಅಂಥ ತಿದ್ದುಪಡಿ ತರೋರು ಯಾರೂ ಇಲ್ಲ. ಅದನ್ನ ನಾವೇ ತರಬೇಕು.

ನಮ್ಮ ಭಾಷೆಯಲ್ಲೇ ನೋಡಿ. ದಾಯಾದಿ ಅನ್ನೋ ಪದದ ಒಳಗೆ 'ದಾಯ' ಇದೆ, ಅಂದರೆ ಪಾಲು. ಪಾಲಿಗೆ ಹಕ್ಕುದಾರನಾದವನು ದಾಯಾದಿ, ಅಷ್ಟೇ ಅದರ ಮೂಲ ಅರ್ಥ. ಆದರೆ ಇವತ್ತು 'ಅವರು ದಾಯಾದಿಗಳು' ಅಂತ ಯಾರಾದರೂ ಅಂದರೆ 'ಓಹೋ, ಮಾತಿಲ್ಲ ಕತೆಯಿಲ್ಲ' ಅಂತಲೇ ನಾವು ಅರ್ಥ ಮಾಡ್ಕೋತೀವಿ. ಒಂದೇ ತಟ್ಟೆಯಲ್ಲಿ ಉಂಡ ಅಣ್ಣತಮ್ಮಂದಿರ ಮಕ್ಕಳಿಗೆ ಇರುವ ಹೆಸರೇ ಜಗಳದ ಹೆಸರಾಗಿಬಿಟ್ಟಿದೆ.

ನಮ್ಮ ಮನೆಯದನ್ನೇ ಉದಾಹರಣೆಗೆ ತಗೋಳಿ. ನಮ್ಮ ಯಜಮಾನರ ಊರು ತಿಪಟೂರು ಕಡೆ. ಮಾವನವರಿಗೂ ಅವರ ಅಣ್ಣನಿಗೂ ತೆಂಗಿನ ತೋಟ ಪಾಲಾದಾಗ ಬಾವಿ ಯಾರ ಕಡೆ ಬರಬೇಕು, ಬದು ಎಲ್ಲಿ ನಿಲ್ಲಬೇಕು ಅನ್ನೋ ಮಾತು ಬೆಳೆದು ಎರಡು ಮನೆಗಳ ನಡುವೆ ಹೋಗೋದು ಬರೋದು ನಿಂತಿತು. ಮಾವ ತೀರಿಕೊಂಡಾಗ ದೊಡ್ಡಪ್ಪನ ಮನೆಯಿಂದ ಯಾರೂ ಬರಲಿಲ್ಲ. ದೊಡ್ಡಪ್ಪ ಹೋದಾಗ ನಮ್ಮ ಮನೆಯಿಂದಲೂ ಯಾರೂ ಹೋಗಲಿಲ್ಲ. ದೊಡ್ಡಪ್ಪನ ಮಗ, ಅಂದರೆ ನನಗೆ ಭಾವ, ಕೆಮಿಕಲ್ ಇಂಜಿನಿಯರ್ ಆಗಿ ಟ್ರಿನಿಡಾಡಿಗೆ ಹೋದವರು ಅಲ್ಲಿಯ ಹುಡುಗಿಯನ್ನೇ ಮದುವೆಯಾಗಿ ನೆಲೆಸಿದರು. ನಾವು ನ್ಯೂಜೆರ್ಸಿಯಲ್ಲಿ. ಇಪ್ಪತ್ತೇಳು ವರ್ಷ ಒಂದು ಫೋನ್ ಇಲ್ಲ.

ಮದುವೆಯಾಗಿ ಇಪ್ಪತ್ತೈದು ವರ್ಷ ಆಯ್ತು ಅಂತ ನಾವಿಬ್ಬರೇ ಒಂದು ವಾರ ಟೊಬೇಗೊಗೆ ಹೊರಟಾಗ ಈ ಪ್ರಶ್ನೆ ಎದ್ದಿತು. ಟೊಬೇಗೊ, ಟ್ರಿನಿಡಾಡ್ ಎರಡೂ ಸೇರಿ ಒಂದೇ ದೇಶ. ವಿಮಾನದಲ್ಲಿ ಅರ್ಧ ಗಂಟೆಯೂ ಆಗಲ್ಲ.

"ರೀ, ಅಷ್ಟು ದೂರ ಹೋಗಿ ಭಾವನ್ನ ನೋಡದೇ ಬರೋದಾ?" ಅಂದೆ.

"ರಜೆ ನಮ್ದು ಕಣೇ. ಇಪ್ಪತ್ತೈದು ವರ್ಷದಲ್ಲಿ ಒಂದು ವಾರ ಸಿಕ್ಕಿದೆ. ಅದನ್ನೂ ನೆಂಟರ ಲೆಕ್ಕಕ್ಕೆ ಬರೀಬೇಕಾ?" ಅಂದರು.

ಈ ಮಾತು ತಳ್ಳಿಹಾಕೋ ಹಾಗಿಲ್ಲ. ನಮ್ಮಲ್ಲಿ ರಜೆ ಅಂದರೆ ಊರಿಗೆ ಹೋಗೋದು, ಮದುವೆ, ನಾಮಕರಣ, ತಿಥಿ. ಹದಿನೈದು ದಿನದಲ್ಲಿ ಇಪ್ಪತ್ತು ಮನೆಯ ಕಾಫಿ ಕುಡಿದು ಬರೋದು. ಗಂಡ ಹೆಂಡತಿ ಇಬ್ಬರೇ ಕೂತು ಸಮುದ್ರ ನೋಡೋದನ್ನ ಸೋಮಾರಿತನ ಅಂದ್ಕೊಂಡು ಬೆಳೆದವರು ನಾವು. ಪಿಜನ್ ಪಾಯಿಂಟಿನ ಬಿಳೀ ಮರಳಿನ ಮೇಲೆ ಕಾಲು ಚಾಚಿ ಕೂತಾಗ, ಬುಕ್ಕೂ ಹವಳದ ದಿಬ್ಬದ ಹತ್ತಿರ ನಡುಸಮುದ್ರದಲ್ಲೇ ಸೊಂಟದ ಮಟ್ಟ ನೀರಿರುವ ನೈಲಾನ್ ಪೂಲಿನಲ್ಲಿ ನಿಂತಾಗ, ಇವರು ಎಷ್ಟೋ ವರ್ಷದ ಮೇಲೆ ನನ್ನ ಜೊತೆ ಮನೆ ಸಾಲ, ಮಗಳ ಕಾಲೇಜು ಫೀಸು ಬಿಟ್ಟು ಬೇರೆ ಮಾತಾಡಿದರು. ದಂಪತಿಗಳಿಗೆ ಅಂಥ ಸಮಯ ಬೇಕೇ ಬೇಕು.

ಆದರೆ ಅವರ ನಿಜವಾದ ಅಡ್ಡಿ ರಜೆ ಅಲ್ಲ. ಮೂರನೇ ದಿನ ಸ್ಟೋರ್ ಬೇಯಲ್ಲಿ ಎಳನೀರು ಕುಡೀತಾ ಅದು ಹೊರಗೆ ಬಂತು. "ಅಪ್ಪ ಕೊನೇ ತನಕ ಅವರನ್ನ ಕ್ಷಮಿಸಲಿಲ್ಲ. ಅಪ್ಪ ಕ್ಷಮಿಸದೇ ಇದ್ದದ್ದನ್ನ ಕ್ಷಮಿಸೋದಕ್ಕೆ ನಾನ್ಯಾರು?"

ಇದು ನಿಜಕ್ಕೂ ಗಟ್ಟಿಯಾದ ಪ್ರಶ್ನೆ. ಒಬ್ಬರಿಗೆ ಆದ ಅನ್ಯಾಯವನ್ನ ಇನ್ನೊಬ್ಬರು ಕ್ಷಮಿಸೋಕೆ ಬರಲ್ಲ. ಪಕ್ಕದ ಮನೆಯವರ ದುಡ್ಡು ಕದ್ದವನನ್ನ ನಾನು 'ಹೋಗಲಿ ಬಿಡಪ್ಪಾ' ಅಂತ ಕ್ಷಮಿಸಿದರೆ ಅದು ಉದಾರತನ ಅಲ್ಲ, ಅಧಿಕಪ್ರಸಂಗ. ತೀರಿಹೋದವರ ಪರವಾಗಿ ಕ್ಷಮಿಸೋದು ಇನ್ನೂ ಕಷ್ಟ, ಯಾಕೆಂದರೆ ಅವರನ್ನ ಕೇಳೋ ಹಾಗೂ ಇಲ್ಲ. ಇಷ್ಟರ ಮಟ್ಟಿಗೆ ಇವರು ಹೇಳಿದ್ದು ಸರಿ.

ಆದರೆ ಅದೇ ತರ್ಕವನ್ನ ಇನ್ನೊಂದು ಹೆಜ್ಜೆ ಮುಂದಕ್ಕೆ ತಗೊಂಡು ಹೋಗಿ ನೋಡಿ. ಅಪ್ಪನ ಪರವಾಗಿ ಕ್ಷಮಿಸೋ ಅಧಿಕಾರ ನನಗಿಲ್ಲ ಅಂದಮೇಲೆ, ಅಪ್ಪನ ಪರವಾಗಿ ಸಿಟ್ಟು ಮಾಡಿಕೊಳ್ಳೋ ಅಧಿಕಾರ ಎಲ್ಲಿಂದ ಬಂತು? ಎರಡೂ ಅಪ್ಪನವೇ ತಾನೇ? ಅದೂ ಅಲ್ಲದೆ ಆ ಕಡೆ ಕೂತಿರೋರು ಬದು ಒತ್ತಿದ ದೊಡ್ಡಪ್ಪ ಅಲ್ಲ. ಪಾಲಾದಾಗ ಊರಲ್ಲೇ ಇಲ್ಲದ ಅವರ ಮಗ. ಹೀಗಾಗಿ ಅವರ ಮನೆಗೆ ಹೋಗೋದು ಕ್ಷಮೆಯೂ ಅಲ್ಲ, ರಾಜಿಯೂ ಅಲ್ಲ. ಅದು ಬರೀ ಹೋಗೋದು. ಇದನ್ನ ನಾನು ಹೇಳಿದೆ, ಅವರು ಒಪ್ಪಿದರು ಅಂತ ಅಂದ್ಕೋಬೇಡಿ. "ಆಯ್ತು, ಎರಡು ದಿನ" ಅಂದರು ಅಷ್ಟೇ.

ಟ್ರಿನಿಡಾಡಿನಲ್ಲಿ ಸಂಬಂಧದ ಬಗ್ಗೆ ಯೋಚಿಸೋದಕ್ಕೆ ಬೇರೆಯೇ ಸಾಮಗ್ರಿ ಇದೆ. ಗುಲಾಮಗಿರಿ ನಿಂತ ಮೇಲೆ ಕಬ್ಬಿನ ತೋಟಗಳಿಗೆ ಆಳು ಸಾಲದೆ ಬ್ರಿಟಿಷರು ಕರಾರಿನ ಮೇಲೆ ಭಾರತದಿಂದ ಕೂಲಿಗಳನ್ನ ಕರೆತಂದರು. ಮೊದಲ ಹಡಗು ಫತೇಲ್ ರಝಾಕ್, ಕಲ್ಕತ್ತೆಯಿಂದ ಹೊರಟು ನೂರು ದಿನಕ್ಕೂ ಹೆಚ್ಚು ತೇಲಿ 1845ರ ಮೇ 30ರಂದು ಬಂದು ಮುಟ್ಟಿತು. 1917ರಲ್ಲಿ ಇದು ನಿಲ್ಲೋ ಹೊತ್ತಿಗೆ ಸುಮಾರು 1.44 ಲಕ್ಷ ಜನ ಬಂದಿದ್ದರು. ಹೆಚ್ಚಿನವರು ಈಗಿನ ಉತ್ತರ ಪ್ರದೇಶ, ಬಿಹಾರದ ಕಡೆಯವರು, ಸ್ವಲ್ಪ ಜನ ಮದ್ರಾಸಿನಿಂದ. ಬಹಳಷ್ಟು ಜನ ಒಂಟಿಯಾಗಿ ಬಂದವರು. ಅಪ್ಪ, ಅಮ್ಮ, ದಾಯಾದಿ, ಜಾತಿ, ಎಲ್ಲ ಆ ಕಡೆ ದಡದಲ್ಲೇ ಉಳಿದವು.

ಹಾಗಾದರೆ ಅವರಿಗೆ ನೆಂಟರು ಯಾರು? ಒಂದೇ ಹಡಗಿನಲ್ಲಿ ಬಂದವರು 'ಜಹಾಜಿ ಭಾಯಿ', 'ಜಹಾಜಿ ಬಹಿನ್' ಆದರು. ಅದು ಬಾಯಿಮಾತಿನ ಅಣ್ಣ ತಂಗಿ ಅಲ್ಲ. ಜಹಾಜಿಗಳ ಮಕ್ಕಳು ಒಡಹುಟ್ಟಿದವರಿದ್ದ ಹಾಗೆ, ಅವರ ನಡುವೆ ಮದುವೆ ಮಾಡಬಾರದು ಅನ್ನೋ ಮಟ್ಟಕ್ಕೆ ಆ ಸಂಬಂಧವನ್ನ ಪಾಲಿಸಿದರು. ರಕ್ತ ಇಲ್ಲ, ಗೋತ್ರ ಇಲ್ಲ, ಪಾಲು ಕೇಳೋಕೆ ಆಸ್ತಿಯಂತೂ ಇಲ್ಲವೇ ಇಲ್ಲ. ನೂರು ದಿನ ಜೊತೆಗೆ ವಾಂತಿ ಮಾಡಿಕೊಂಡಿದ್ದು, ಜೊತೆಗೆ ಉಂಡಿದ್ದು, ಅಷ್ಟೇ ಬಂಡವಾಳ.

ನನ್ನ ವಾರಗಿತ್ತಿ ಅಂಥ ಮನೆಯವರು. ಅವರ ಮುತ್ತಜ್ಜಿಯ ಜಹಾಜಿ ತಂಗಿಯ ಕಡೆಯವರು ಇವತ್ತಿಗೂ ಮದುವೆಗೆ ಬಂದು ಅಡುಗೆಗೆ ನಿಲ್ಲುತ್ತಾರಂತೆ. ಅವರಿಗೆ ಹಿಂದಿ ಬರಲ್ಲ, ಭೋಜಪುರಿ ಬರಲ್ಲ. ಆದರೆ ಅಪ್ಪನ ಕಡೆಯ ಅಜ್ಜನಿಗೆ 'ಆಜಾ', ಅಜ್ಜಿಗೆ 'ಆಜೀ', ತಾಯಿಯ ಕಡೆಯವರಿಗೆ 'ನಾನಾ', 'ನಾನೀ'. ಭಾಷೆ ಹೋಯ್ತು, ನೆಂಟರನ್ನ ಕರೆಯೋ ಪದ ಮಾತ್ರ ಉಳೀತು. 'ಆಜೀ' ಅಂದ ತಕ್ಷಣ ನಮ್ಮವರು ತಲೆ ಎತ್ತಿ ನೋಡಿದರು, ನಮ್ಮ ಅಜ್ಜಿಗೆ ಎಷ್ಟು ಹತ್ತಿರ ನೋಡಿ! ಕೆಂಡದ ಮೇಲೆ ಸುಟ್ಟ ಬದನೆಕಾಯಿಯನ್ನ ಬೆಳ್ಳುಳ್ಳಿ ಹಾಕಿ ಕಿವುಚಿದ 'ಬೈಗನ್ ಚೋಕಾ' ಬಡಿಸಿದಾಗಲೂ ಅಷ್ಟೇ, ಅದು ನಮ್ಮ ಸುಟ್ಟ ಬದನೆಕಾಯಿ ಗೊಜ್ಜಿನ ಅಕ್ಕನೋ ತಂಗಿಯೋ.

ಊಟ ಆದಮೇಲೆ ಜಗಲಿಯಲ್ಲಿ ಕೂತೆವು. ಕೆಲಸವಿಲ್ಲದೆ ಹೀಗೆ ಕಟ್ಟೆ ಹರಟೆ ಹೊಡೆಯೋದಕ್ಕೆ ಅಲ್ಲಿ 'ಲೈಮಿಂಗ್' ಅಂತಾರೆ, ಅದಕ್ಕೆ ಬಹಳ ಮರ್ಯಾದೆ ಇದೆ. ಅಣ್ಣ ತಮ್ಮ ಇಬ್ಬರೂ ತೋಟದ ಮಾತು ಎತ್ತಲಿಲ್ಲ. ವಾರಗಿತ್ತಿಯೇ ಒಂದು ವಿಷಯ ಹೇಳಿದರು. ಮಾವನವರು ಹೋದ ಸುದ್ದಿ ಊರಿನ ಯಾರದೋ ಫೋನಿನಿಂದ ಗೊತ್ತಾದಾಗ ಭಾವ ಹತ್ತು ದಿನ ದೇವರಿಗೆ ದೀಪ ಹಚ್ಚಲಿಲ್ಲವಂತೆ. ಯಾಕೆ ಅಂತ ಇವರು ಕೇಳಿದ್ದಕ್ಕೆ "ನಮ್ಮ ಚಿಕ್ಕಪ್ಪ ಹೋದರು, ಸೂತಕ" ಅಂದರಂತೆ. ಸಾವಿಗೆ ಬರಲಿಲ್ಲ ಅಂತ ನಾವು ಇಲ್ಲಿ ಲೆಕ್ಕ ಇಟ್ಟಿದ್ದೆವು. ಅಲ್ಲಿ ಒಬ್ಬರು, ಯಾರೂ ನೋಡದ ಕಡೆ, ಸೂತಕ ಹಿಡಿದಿದ್ದರು.

ಆಮೇಲೆ ಭಾವ ಮೆತ್ತಗೆ ಹೇಳಿದರು: ಅವರಿಗೆ ಎಂಟು ವರ್ಷ ಇದ್ದಾಗ ಜ್ವರ ನೆತ್ತಿಗೇರಿ ಒಂದು ರಾತ್ರಿ ಚಿಕ್ಕಪ್ಪ ಸೈಕಲ್ಲಿನ ಮುಂದಿನ ಬಾರಿನ ಮೇಲೆ ಕೂರಿಸಿಕೊಂಡು, ಟವೆಲಿನಿಂದ ತಮ್ಮ ಎದೆಗೆ ಕಟ್ಟಿಕೊಂಡು, ಆಸ್ಪತ್ರೆಗೆ ತುಳಿದಿದ್ದರು. ನಮ್ಮವರು ಆಗ ಹುಟ್ಟಿರಲಿಲ್ಲ. ಅವರು ಕಂಡ ಅಪ್ಪ ಬದುವಿನ ಮೇಲೆ ನಿಂತು ಕೂಗಾಡಿದ ಅಪ್ಪ. ಸೈಕಲ್ ತುಳಿದ ಅಪ್ಪನ ಪರಿಚಯವೇ ಇರಲಿಲ್ಲ.

ನನಗೆ ಹೊಳೆದದ್ದು ಇದು. ತೋಟ ಪಾಲಾಗುತ್ತೆ, ಬಾವಿ ಪಾಲಾಗುತ್ತೆ. ಆದರೆ ಹೋದವರ ನೆನಪು ಪಾಲಾಗದೇ ಉಳಿದ ಆಸ್ತಿ. ನಮ್ಮ ಅಪ್ಪನ ಒಂದು ಪಾಲು 'ಶತ್ರು'ಗಳ ಮನೆಯಲ್ಲಿ ಇರುತ್ತೆ, ಅವರ ಅಪ್ಪನ ಒಂದು ಪಾಲು ನಮ್ಮಲ್ಲಿ. ಬಾಗಿಲು ಹಾಕಿಕೊಂಡರೆ ಇಬ್ಬರಿಗೂ ಅದು ಸಿಗಲ್ಲ. ಅಪ್ಪನಿಗೆ ನಿಷ್ಠೆ ತೋರಿಸೋಕೆ ಹೋಗಿ ಅಪ್ಪನನ್ನೇ ಅರ್ಧ ಕಳೆದುಕೊಂಡ ಹಾಗೆ.

ಹಾಗಂತ ನೆಂಟರೆಲ್ಲರನ್ನೂ ಅಪ್ಪಿಕೊಳ್ಳಿ ಅಂತ ನಾನು ಹೇಳ್ತಿಲ್ಲ. ಅದೇ ಟ್ರಿನಿಡಾಡಿನ ಚಗ್ವಾನಸ್ ಪಟ್ಟಣದಲ್ಲಿ ಹುಟ್ಟಿದ ವಿ. ಎಸ್. ನೈಪಾಲರು 1961ರಲ್ಲಿ ಬರೆದ 'ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್' ಕಾದಂಬರಿ ಇದಕ್ಕೆ ಪಕ್ಕಾ ಎದುರುವಾದ. ಹೆಂಡತಿಯ ಕಡೆಯ ತುಂಬಿದ ಮನೆಯಲ್ಲಿ ಉಸಿರು ಕಟ್ಟಿ, ತನ್ನದೇ ಆದ ಒಂದು ಸೂರಿಗಾಗಿ ಜೀವನವಿಡೀ ಒದ್ದಾಡಿದವನ ಕಥೆ ಅದು. ಒಟ್ಟು ಕುಟುಂಬ ಕೆಲವರಿಗೆ ನೆರಳು, ಕೆಲವರಿಗೆ ನೊಗ. ಹೊಡೆದವರು, ಹೀಯಾಳಿಸಿದವರು, ಮಕ್ಕಳ ಮೇಲೆ ಕೈ ಮಾಡಿದವರು, ಇಂಥವರಿಂದ ದೂರ ಇರೋದು ಜಗಳ ಮುಂದುವರಿಸಿದ ಹಾಗಲ್ಲ, ಅದು ತನ್ನನ್ನ ತಾನು ಕಾಪಾಡಿಕೊಂಡ ಹಾಗೆ. ನಾನು ಹೇಳ್ತಿರೋದು ನಮಗೆ ಏನೂ ಮಾಡದವರ ಬಗ್ಗೆ, ಯಾರೋ ಹೇಳಿಕೊಟ್ಟರು ಅಂತ ನಾವು ದೂರ ಇಟ್ಟವರ ಬಗ್ಗೆ.

ಅವರ ಜೊತೆ ಸಂಬಂಧ ಎಲ್ಲಿಂದ ಶುರು ಮಾಡೋದು? ಮರುದಿನ ಭಾವ ನಮ್ಮನ್ನ ವಾಟರ್‌ಲೂ ಗ್ರಾಮದ ಸಮುದ್ರದ ಗುಡಿಗೆ ಕರೆದುಕೊಂಡು ಹೋದರು. ಕಬ್ಬಿನ ತೋಟದ ಕೂಲಿಯಾಗಿದ್ದ ಸಿವ್‌ದಾಸ್ ಸಾಧು ಮೊದಲು ದಡದಲ್ಲೇ ಒಂದು ಗುಡಿ ಕಟ್ಟಿದ್ದರು. ನೆಲ ಸಕ್ಕರೆ ಕಂಪನಿಯದು ಅಂತ ಅದನ್ನ ಕೆಡವಿಸಿ ಅವರನ್ನ ಜೈಲಿಗೂ ಹಾಕಿದರು. ಹೊರಗೆ ಬಂದ ಮನುಷ್ಯ ನೆಲಕ್ಕಾಗಿ ಹೊಡೆದಾಡಲಿಲ್ಲ. ಸಮುದ್ರ ಯಾರ ಪಹಣಿಯಲ್ಲೂ ಇಲ್ಲವಲ್ಲ ಅಂತ ಸೈಕಲ್ಲಿನಲ್ಲಿ ಕಲ್ಲು ಮಣ್ಣು ಸಾಗಿಸಿ, ವರ್ಷಗಟ್ಟಲೆ ನೀರಿಗೆ ತುಂಬಿ, ಅದರ ಮೇಲೆ ಕಟ್ಟಿದರು. ಈಗಿರುವ ಗುಡಿ, ಭಾರತೀಯರು ಬಂದು 150 ವರ್ಷ ಆದ 1995ರ ಹೊತ್ತಿಗೆ ಮತ್ತೆ ಎದ್ದು ನಿಂತದ್ದು.

ದಾಯಾದಿಗಳ ಮಕ್ಕಳಿಗೂ ಅದೇ ದಾರಿ ಅನ್ಸುತ್ತೆ. ಬದು ಎಲ್ಲಿ ಅನ್ನೋ ನೆಲದ ಮೇಲೆ ನಿಂತು ಮಾತಾಡಿದರೆ ಗುಡಿ ಏಳಲ್ಲ. ಯಾರ ಪಾಲೂ ಇಲ್ಲದ ಜಾಗ ನೋಡಿಕೊಂಡು ಹೊಸದಾಗಿ ಮಣ್ಣು ಹೊರಬೇಕು. ಯುಗಾದಿಗೆ ಒಂದು ಫೋನು, ಮಗುವಿನ ಫೋಟೋ, ಎರಡು ವರ್ಷಕ್ಕೊಮ್ಮೆ ಊಟ. ರಕ್ತಸಂಬಂಧ ನಮಗೆ ಕೊಡೋದು ಬಾಗಿಲು ತಟ್ಟೋದಕ್ಕೆ ಒಂದು ನೆಪ ಮಾತ್ರ. ಮಿಕ್ಕಿದ್ದನ್ನ ಜಹಾಜಿಗಳ ಹಾಗೆ ನಾವೇ ಮಾಡ್ಕೋಬೇಕು.

ತೋಟದ ವಿಷಯದಲ್ಲಿ ಯಾರದು ಸರಿ ಅಂತ ನಮ್ಮವರ ಅಭಿಪ್ರಾಯ ಬದಲಾಗಿಲ್ಲ, ಭಾವನದೂ ಬದಲಾಗಿರಲಿಕ್ಕಿಲ್ಲ. ಬದಲಾಗಬೇಕು ಅಂತ ನನಗೇನೂ ಅನ್ನಿಸಲ್ಲ. ನನ್ನ ಚಿಂತೆ ಮುಂದಿನವರದ್ದು. "ಇಷ್ಟು ವರ್ಷ ಯಾಕಮ್ಮ ನೀವು ಮಾತಾಡ್ತಾ ಇರಲಿಲ್ಲ?" ಅಂತ ಮಗಳು ಕೇಳಿದಾಗ 'ಏನೂ ಇಲ್ಲ' ಅಂತ ಸುಳ್ಳು ಹೇಳೋದು ಬೇಡ, ಒಂದು ಕಡೆಯವರ ದಾವೆಯನ್ನ ಅವಳ ಕೈಗೆ ಕೊಡೋದೂ ಬೇಡ. ಒಂದು ಬಾವಿ ಇತ್ತು, ಇಬ್ಬರಿಗೂ ಅದು ಬೇಕಾಗಿತ್ತು, ಒಬ್ಬರು ಜ್ವರದ ಮಗುವನ್ನ ಎದೆಗೆ ಕಟ್ಟಿಕೊಂಡು ಸೈಕಲ್ ತುಳಿದಿದ್ದರು, ಇನ್ನೊಬ್ಬರ ಮಗ ಅವರಿಗಾಗಿ ಹತ್ತು ದಿನ ದೀಪ ಹಚ್ಚಲಿಲ್ಲ. ಇದಿಷ್ಟನ್ನೂ ಹೇಳಿದರೆ ಸಾಕು. ಇದರಲ್ಲಿ ಯಾವುದನ್ನ ಇಟ್ಟುಕೋಬೇಕು ಅನ್ನೋದನ್ನ ಅವಳೇ ನೋಡ್ಕೋತಾಳೆ.