ಒಂದು ಹನಿ ರಕ್ತಕ್ಕ ಯಾರ ಒಪ್ಪಿಗೆ?

ಅರವತ್ತಕ್ಕ ಅರಳು ಮರಳು ಅಂತ ಹಿರೇರು ಹೇಳ್ಯಾರ. ಆದ್ರ ಚಷ್ಮಾ ಎಲ್ಲಿಟ್ಟೆ ಅನ್ನೋದು ಮರೆಯೋದು ಬ್ಯಾರೆ, ಚಷ್ಮಾ ಯಾತಕ್ಕ ಅನ್ನೋದ ಮರೆಯೋದು ಬ್ಯಾರೆ. ಎರಡನೆಯದು ರೋಗ. ಡಾಕ್ಟರು ಅದನ್ನ ಡಿಮೆನ್ಷಿಯಾ ಅಂತಾರ. ನಮ್ಮ ದೇಶದಾಗ 60 ದಾಟಿದ ನೂರು ಮಂದಿಯಲ್ಲಿ ಸುಮಾರು 7 ಮಂದಿಗೆ ಇದು ಐತಿ ಅಂತ ಲಾಸಿ ಎಂಬ ಸಮೀಕ್ಷೆಯವರು ಲೆಕ್ಕ ಹಾಕ್ಯಾರ.

ಈ ರೋಗದ ಗುರುತನ್ನ ಸಂಶೋಧಕರು ಈಗ ರಕ್ತದಾಗ ಹುಡುಕತಾರ. ಬೆರಳ ತುದಿಗೆ ಸಣ್ಣಗೆ ಚುಚ್ಚಿ, ನಾಕಾರು ಹನಿ ಕಾಗದದ ಮ್ಯಾಲೆ ಬೀಳಿಸಿ, ಒಣಗಿಸಿ ಟಪಾಲಿಗೆ ಹಾಕಿದರ ಆತು. ಬರ್ಫದಾಗ ಇಡೋದು ಬೇಕಿಲ್ಲ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು ಹಿಂಗ ಮನ್ಯಾಗ ಕುಂತವರ ರಕ್ತ ತರಿಸಿ ನೋಡ್ಯಾರ. ಇಂಥದ್ದು ನಮ್ಮ ಹಳ್ಳಿಗಳಿಗೂ ಬಂದರ ಒಳ್ಳೇದು. ಪ್ಯಾಟಿ ದವಾಖಾನಿಗೆ ಹೋಗಬಲ್ಲವರ ರಕ್ತ ಅಷ್ಟೇ ನೋಡಿ ಔಷಧ ಹುಡುಕಿದರ, ನಮ್ಮಂಥವರು ಲೆಕ್ಕಕ್ಕೇ ಬರೂದಿಲ್ಲ.

ಆದ್ರ ಒಂದು ಪ್ರಶ್ನೆ ಐತಿ. ಬುದ್ಧಿ ಮಂಕಾದ ಮುದುಕನ ಹೆಬ್ಬೆಟ್ಟು ಒತ್ತಿಸಿಕೊಂಡು ಹೊಲ ಬರೆಸಿಕೊಂಡವನಿಗೆ ಊರು ಏನಂತೈತಿ? ಮೋಸಗಾರ ಅಂತೈತಿ. ಅದೇ ಮುದುಕನ ಬೆರಳು ಹಿಡಿದು ರಕ್ತ ತಗೊಂಡರ, "ಒಂದು ಹನಿಯಾಗ ಏನೈತಿ ಬಿಡು" ಅಂತೀವಿ. ಹೊಲ ಎಕರೆಗಟ್ಟಲೆ, ರಕ್ತ ಹನಿಗಟ್ಟಲೆ, ಅಷ್ಟೇ ಫರಕು. ಎರಡೂ ಅವನವೇ.

ದವಾಖಾನ್ಯಾಗ ಆದರ ನರ್ಸಬಾಯಿ ಇರತಾಳ. ಮುದುಕ ಕೈ ಹಿಂದಕ್ಕ ಎಳಕೊಂಡರ ಆಕಿ ನೋಡತಾಳ. ಮನ್ಯಾಗ ಚುಚ್ಚಾವ ಮಗ, ಸಹಿ ಮಾಡಾವ ಮಗ, ಲಕೋಟಿ ಹಾಕಾವನೂ ಮಗ. ಸಾಕ್ಷಿ ಯಾರು? ಒಣಗಿದ ಹನಿ ನೋಡಿದರ, ಕೊಟ್ಟವ ನಗತಿದ್ದನೋ ಅಳತಿದ್ದನೋ ದೂರದ ಪ್ರಯೋಗಶಾಲೆಗೆ ತಿಳಿಯೂದಿಲ್ಲ. ದೂರದಿಂದ ರಕ್ತ ತರಿಸೋದರಾಗ ನನಗ ಕಾಣೋ ದೊಡ್ಡ ತೊಡಕು ಇದೇ.

ಅವರಿಗೆ ತಿಳಿಯೂದಿಲ್ಲ, ಕೇಳಿ ಏನು ಮಾಡೋದು ಅಂತ ಕೆಲವರು ಅಂತಾರ. ಭಜನಿ ಪದ ಹಾಡೋರಿಗೆ ಒಂದು ಸಂಗತಿ ಗೊತ್ತು: ಮಗಳ ಹೆಸರು ಮರೆತ ಮುದುಕಿ ಪಲ್ಲವಿ ಎತ್ತಿದ ಕೂಡಲೇ ತುಟಿ ಆಡಿಸತಾಳ, ಮೊಣಕಾಲ ಮ್ಯಾಲೆ ತಾಳ ಹಾಕತಾಳ. ಹೆಸರು ಹೋಗೈತಿ, ಮನಿಷಾಳು ಒಳಗ ಅದಾಳ. ಬೇಕು ಬ್ಯಾಡ ಅನ್ನೋದು ಆಕಿಯ ಕೈಯಾಗ, ಮಾರಿ ಮ್ಯಾಲೆ ಇರತೈತಿ. ನೋಡುವ ಕಣ್ಣು ನಮಗಿರಬೇಕು.

ಸಂಶೋಧನೆಗೆ ಬರುವವರ ಬಗ್ಗೆ ಐಸಿಎಂಆರ್ ಸಂಸ್ಥೆ 2017ರಲ್ಲಿ ನಿಯಮ ಮಾಡೈತಿ. ತಿಳಿಯುವ ಭಾಷೆಯಲ್ಲಿ ಹೇಳಬೇಕು, ಓದು ಬಾರದವರಿಗೆ ಸಂಬಂಧ ಇಲ್ಲದ ಒಬ್ಬ ಸಾಕ್ಷಿ ಇರಬೇಕು, ಯಾವಾಗ ಬೇಕಾದರೂ ಒಲ್ಲೆ ಅನ್ನಬಹುದು. ನಮ್ಮ ಜತ್ ಸೀಮೆಗೆ ಸರಕಾರಿ ಕಾಗದ ಮರಾಠಿಯಲ್ಲಿ ಬರತಾವ; ಮನಿ ಬಿಟ್ಟು ಹೊರಗ ಹೋಗದ ಆಯಿಗೆ ಕನ್ನಡ ಬಿಟ್ಟು ಬ್ಯಾರೆ ಬರೂದಿಲ್ಲ. ಅದನ್ನ ಓದಿ ಕನ್ನಡದಾಗ ಹೇಳಾಕ ಊರಿನ ಮಾಸ್ತರು, ಆಶಾ ತಾಯಿ ಮುಂದ ಬರಬೇಕು. ಚುಚ್ಚುವಾಗ ಅವರೇ ಸಾಕ್ಷಿಯಾಗಿ ಕುಂದರಬೇಕು.

ಬುದ್ಧಿ ನೆಟ್ಟಗಿರುವಾಗಲೇ ನಾವು ಮನಿ ಮಂದಿಗೆ ಹೇಳಿಡೋದೂ ಚಲೋ: ನಾಳೆ ನಾ ಮರೆತರ ನನ್ನ ರಕ್ತ ಕೊಡ್ರಿ, ಇಲ್ಲಾ ಕೊಡಬ್ಯಾಡ್ರಿ ಅಂತ. ಕೊಡ್ರಿ ಅಂದವರೂ ಆ ದಿನ ಕೈ ಎಳಕೊಂಡರ, ಸೂಜಿ ಕೆಳಗ ಇಡಬೇಕು. ದಾನ ಅಂದರ ಕೊಟ್ಟದ್ದು. ಕಸಕೊಂಡದ್ದಕ್ಕ ಆ ಹೆಸರು ಹತ್ತೂದಿಲ್ಲ.