ಗೋರ್ಟಾದ ಸ್ಮರಣೆ

ಕಳೆದ ಶ್ರಾವಣ ಮಾಸದಲ್ಲಿ ಅಕ್ಕೋಳದ ಪ್ರವಚನದೊಳಗೆ ನಾವು ಗೋರ್ಟಾದ ಪ್ರಸಂಗವನ್ನು ಎತ್ತಿದೆವು. ಮಂಗಲವಾದ ಮೇಲೆ ಹಿರಿಯ ಭಕ್ತರೊಬ್ಬರು ಸಮೀಪಕ್ಕೆ ಬಂದು, "ಅಪ್ಪಾವ್ರ, ನಮ್ಮವರು ಸತ್ತಿದ್ದು ಹೇಳಿದ್ರಿ, ಚಲೋ ಆತು. ಅದರ ಮುಂದಿನ ಸುದ್ದಿ ಯಾಕ ತಗದ್ರಿ?" ಎಂದರು. ಅವರ ಕಣ್ಣು ತುಂಬಿದ್ದವು. ಆ ಹೊತ್ತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಇಂದು ಬರೆಯುತ್ತಿದ್ದೇವೆ.

ಅಕ್ಕೋಳ ಅಂದು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ನಿಜಾಮಶಾಹಿಯ ಸಂಕಟ ಇಲ್ಲಿನವರ ಮೈಗೆ ತಾಗಿದ್ದಲ್ಲ. ಆದ್ದರಿಂದ ತರುಣ ಓದುಗರಿಗಾಗಿ ಸಂಗತಿಯನ್ನು ಹೇಳಬೇಕಾಗಿದೆ. ಗೋರ್ಟಾ ಬೀದರ ಜಿಲ್ಲೆಯ ಬಸವಕಲ್ಯಾಣ ಸೀಮೆಯ ಗ್ರಾಮ. ಹೈದರಾಬಾದ ಸಂಸ್ಥಾನವು ಭಾರತ ಒಕ್ಕೂಟವನ್ನು ಸೇರದೆ ಹಟ ಹಿಡಿದಿದ್ದ ಕಾಲದಲ್ಲಿ, 1948ರ ಮೇ ತಿಂಗಳಿನಲ್ಲಿ, ಕಾಸಿಂ ರಜ್ವಿಯ ರಜಾಕಾರರು ಆ ಊರಿನ ಮೇಲೆರಗಿದರು. ಇನ್ನೂರಕ್ಕೂ ಹೆಚ್ಚು ಹಿಂದೂಗಳು ಹತರಾದರೆಂದು ಆ ಸೀಮೆಯವರು ಹೇಳುತ್ತಾರೆ. ಬೀದರ, ಕಲಬುರಗಿ, ರಾಯಚೂರು ಸೀಮೆಗಳಿಂದ ಸಹಸ್ರಾರು ಕುಟುಂಬಗಳು ಹೊಲಮನೆ ತೊರೆದು ಗಡಿ ದಾಟಿ ಮುಂಬಯಿ ಪ್ರಾಂತಕ್ಕೆ ಬಂದವು. ಗಡಿಯಲ್ಲಿ ಗಜೇಂದ್ರಗಡ, ಮುಂಡರಗಿ ಮೊದಲಾದ ಶಿಬಿರಗಳು ಎದ್ದವು. ಮುಂಡರಗಿಯ ಶಿಬಿರವನ್ನು ನಡೆಸಿದವರು ಅಳವಂಡಿಯ ಶಿವಮೂರ್ತಿಸ್ವಾಮಿಗಳು. ಶರಣಾಗತರ ರಕ್ಷಣೆಗಾಗಿ ಆಯುಧ ಹಿಡಿದವರನ್ನು ನಾವು ದೂಷಿಸಲಾರೆವು.

ಓಡಿಬಂದವರ ಕಥೆ ನಮಗೆ ಹೊಸದೂ ಅಲ್ಲ. ಹರಳಯ್ಯ ಮಧುವರಸರ ವಧೆಯಾದ ಬಳಿಕ ಕಲ್ಯಾಣದಿಂದ ಶರಣರು ಇದೇ ದಿಕ್ಕಿಗೆ ಹೊರಟರು, ಬೆನ್ನಟ್ಟಿದ ಸೈನ್ಯ ಹಿಂದೆಯೇ ಇತ್ತು. ಖಾನಾಪುರ ತಾಲೂಕಿನ ಕಕ್ಕೇರಿ ಇಂದಿಗೂ ಡೋಹರ ಕಕ್ಕಯ್ಯನವರ ಹೆಸರನ್ನು ಹೊತ್ತಿದೆ. ಹೀಗಿರುವಾಗ ಗೋರ್ಟಾದ ಹುತಾತ್ಮರಿಗೆ ಅಲ್ಲಿ ತಕ್ಕ ಸ್ಮಾರಕವೊಂದು ಉದ್ಘಾಟನೆಯಾಗಲು 2023ರ ಮಾರ್ಚ್ ಬರಬೇಕಾಯಿತು. ಇದರಲ್ಲಿ ಮಠಗಳ ಪಾಲಿನ ಮೌನವೂ ಇದೆ, ನಮ್ಮದೂ ಸೇರಿ.

ಇನ್ನು ಭಕ್ತರು ಬೇಡವೆಂದ ಭಾಗ. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮ ಶರಣಾದನು. ಅನಂತರ ಅದೇ ನೆಲದಲ್ಲಿ ಮುಸಲ್ಮಾನರ ಹತ್ಯೆ ನಡೆಯಿತು. ಕೇಂದ್ರ ಸರಕಾರವು ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿಯು 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದೆಂದು ಅಂದಾಜಿಸಿತು. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಬೀದರ, ಕಲಬುರಗಿ ಎರಡೂ ಇದ್ದವು. ಆ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ.

ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಮೊದಲಿನದು ಹಗುರಾಗುವುದೆಂಬುದೇ ಆ ಹಿರಿಯರ ಅಂಜಿಕೆ. ಈ ಅಂಜಿಕೆಗೆ ಆಧಾರವಿಲ್ಲದಿಲ್ಲ. ಗೋರ್ಟಾದ ಹೆಸರೆತ್ತಿದೊಡನೆ "ಮುಂದೆ ನೀವೇನು ಮಾಡಿದಿರಿ?" ಎಂದು ಬಾಯಿ ಮುಚ್ಚಿಸುವ ವಿದ್ವಾಂಸರನ್ನು ನಾವೂ ಕಂಡಿದ್ದೇವೆ. ಆದರೆ ಜಮಾ-ಖರ್ಚಿನ ವಹಿಯಲ್ಲಿ ಒಂದು ಬಾಬು ಇನ್ನೊಂದನ್ನು ವಜಾ ಮಾಡುವಂತೆ ಒಂದು ಹೆಣ ಇನ್ನೊಂದು ಹೆಣವನ್ನು ವಜಾ ಮಾಡದು. ಗೋರ್ಟಾದಲ್ಲಿ ಸತ್ತವರು ತಮ್ಮ ಹೆಸರಿನಲ್ಲಿ ಮತ್ತೊಬ್ಬರ ಕೂಸನ್ನು ಕೊಲ್ಲಿರೆಂದು ಯಾರಿಗೂ ವಕಾಲತ್ತು ಬರೆದುಕೊಟ್ಟಿರಲಿಲ್ಲ. ಅವರ ಮರಣವನ್ನು ಆ ಕೆಲಸಕ್ಕೆ ಬಳಸಿದವರು ಅವರಿಗೆ ಎರಡನೆಯ ಅಪಚಾರವನ್ನೇ ಮಾಡಿದರು.

ರಜಾಕಾರರು ಯಾರೆಂಬುದನ್ನು ಅಂದು ಧರ್ಮವೇ ನಿರ್ಣಯಿಸಲಿಲ್ಲ. 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ರಜಾಕಾರರನ್ನು ಎದುರಿಸಿ ಬರೆದು 1948ರ ಆಗಸ್ಟಿನಲ್ಲಿ ಹೈದರಾಬಾದಿನಲ್ಲಿ ಕೊಲೆಯಾದರು. ಸುಂದರಲಾಲರ ವರದಿಯಲ್ಲಿಯೇ ಇನ್ನೊಂದು ಮಾತಿದೆ: ಹಲವು ಕಡೆ ಹಿಂದೂ ನೇಕಾರರು ತಮ್ಮ ಕಸುಬಿನ ಮುಸಲ್ಮಾನ ನೇಕಾರರನ್ನು ಕಷ್ಟನಷ್ಟಕ್ಕೆ ಅಂಜದೆ ಕಾಪಾಡಿದರು. ಅವರಲ್ಲಿ ಎಷ್ಟು ಮಂದಿ ರಜಾಕಾರರ ಕೈಯಲ್ಲಿ ತಾವೂ ನೊಂದಿದ್ದರೋ! ಆ ನೇಕಾರರ ಹೆಸರುಗಳು ನಮಗೆ ಸಿಕ್ಕಿದ್ದರೆ ಪ್ರವಚನದಲ್ಲಿ ಅವನ್ನೇ ಮೊದಲು ಹೇಳುತ್ತಿದ್ದೆವು.

ತರುಣರಿದ್ದಾಗ ನಾವು ಸಹ ಅರ್ಧವನ್ನೇ ಹೇಳುತ್ತಿದ್ದೆವು. ಚಪ್ಪಾಳೆಯೂ ಹೆಚ್ಚಾಗಿ ಬೀಳುತ್ತಿತ್ತು. ಬರುವ ಶ್ರಾವಣದಲ್ಲಿ ಎರಡನ್ನೂ ಹೇಳಲಿದ್ದೇವೆ. ಆ ಹಿರಿಯರು ಮುಂದಿನ ಸಾಲಿನಲ್ಲಿ ಕುಳಿತಿರಲಿ, ಬೇಕಾದರೆ ನಡುವೆಯೇ ಎದ್ದು ಕೇಳಲಿ.